ಚಿಟಿಕೆಗೆ ಕದಲದ ಕುದುರೆ

ಗಾಡಿಯವನು ಮತ್ತೊಮ್ಮೆ ಚಿಟಿಕೆ ಹೊಡೆದ. ಜಪ್ಪಯ್ಯ ಅಂದರೂ ಕುದುರೆ ಕದಲಲಿಲ್ಲ. ಮರಿಯಾಗಿದ್ದಾಗಿನಿಂದ ಅದಕ್ಕೆ ಗೊತ್ತಿದ್ದ ಅಪ್ಪಣೆ ಒಂದೇ: ಅವನು ನಾಲಿಗೆಯನ್ನು ಅಂಗುಳಿಗೆ ತಾಗಿಸಿ ಹೊರಡಿಸುವ ಟಕ್ ಟಕ್ ಸದ್ದು. ಆ ನಾಲಿಗೆಯ ಅಂಚಿನ ಹುಣ್ಣು ಕ್ಯಾನ್ಸರ್ ಇರಬಹುದು, ಹಾಗಿದ್ದರೆ ಒಂದು ಭಾಗ ಕತ್ತರಿಸಬೇಕಾದೀತು ಎಂದು ಡಾಕ್ಟರು ಹೇಳಿ ವಾರವಾಗಿತ್ತು. ಅಂದಿನಿಂದ ಅವನು ಕುದುರೆಗೆ ಚಿಟಿಕೆಯ ಅಭ್ಯಾಸ ಮಾಡಿಸುತ್ತಿದ್ದ. ಹೆಂಡತಿಯ ಹತ್ತಿರ ಮಾತ್ರ ಅವನು, "ಬರೀ ಬಾಯಿಹುಣ್ಣು, ಮುಲಾಮು ಕೊಟ್ಟಿದಾರೆ" ಎಂದು ಮಾತು ತೇಲಿಸಿದ್ದ.

ಲಾಯದ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವಳು ನೀರಿನ ಬಕೆಟ್ಟು ಕೆಳಗಿಟ್ಟು, ಗಾಡಿ ಹತ್ತಿ ಅವನ ಪಕ್ಕ ಕೂತಳು. "ಸ್ವಲ್ಪ ಸರೀರಿ" ಎಂದು ಲಗಾಮನ್ನು ತನ್ನ ಕೈಗೆ ತೆಗೆದುಕೊಂಡಳು.

"ನಿನ್ನ ಮಾತು ಅದೆಲ್ಲಿ ಕೇಳುತ್ತೆ?" ಅವನು ನಕ್ಕ.

ಅವಳು ಟಕ್ ಟಕ್ ಎನ್ನಿಸಿದಳು. ಥೇಟ್ ಅವನದೇ ಸದ್ದು. ಕುದುರೆ ಕಿವಿ ನಿಮಿರಿಸಿ, ಏನೂ ಆಗಿಲ್ಲವೆಂಬಂತೆ ಹೆಜ್ಜೆ ಎತ್ತಿತು.

"ಇದನ್ನ ಯಾವಾಗ ಕಲಿತೆ?"

"ನೀವು ಚಿಟಿಕೆ ಹೊಡೆಯೋಕೆ ಶುರು ಮಾಡಿದ ದಿನದಿಂದ." ಅವಳು ದಾರಿಯಿಂದ ಕಣ್ಣು ಕೀಳಲಿಲ್ಲ. "ಈಗ ಹೇಳಿ, ನಾಲಿಗೆ ಎಷ್ಟು ಕೊಯ್ಯಬೇಕಂತೆ?"