ಫ್ಲಾವಿಯಾ ಎರಡನೇ ಸಲ ಬಿಚ್ಚಿದ ಮೆಷಿನ್

ಆಸ್ಪತ್ರೆಯಲ್ಲಿ ರಿಪೋರ್ಟಿಗೆ ಕಾದು ಕಾದು ಸಿಟ್ಟಾದವರೆಲ್ಲ ಇದನ್ನೊಮ್ಮೆ ಓದಿ...

ಮಂಗಳೂರಿನ ಒಂದು ಲ್ಯಾಬ್. ಆಗಷ್ಟೇ ಹುಟ್ಟಿದ ಮಕ್ಕಳ ಹಿಮ್ಮಡಿಯಿಂದ ತೆಗೆದ ರಕ್ತವನ್ನು ಅಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಮೆಷಿನಿನಲ್ಲಿ ಪರೀಕ್ಷೆ ಮಾಡುತ್ತಾರೆ. ಹೊರಗೆ ಕಾಣದ ಕಾಯಿಲೆಗಳನ್ನು ಅದು ಹಿಡಿದುಕೊಡುತ್ತದೆ.

ಅದನ್ನು ನೋಡಿಕೊಳ್ಳುವವಳು ಫ್ಲಾವಿಯಾ.

ಅವತ್ತು ಬೆಳಿಗ್ಗೆಯಿಂದ ಮೆಷಿನ್ ಹಠ ಹಿಡಿದಿತ್ತು... ಒಂದೇ ರಕ್ತವನ್ನು ಮತ್ತೆ ಹಾಕಿದರೆ ಬೇರೆಯೇ ಉತ್ತರ!

ಸ್ಯಾಂಪಲ್ ಒಳಹೋಗುವ, ಸೂಜಿಮೊನೆಯಷ್ಟು ತೂತಿನ ಲೋಹದ ಕೋನ್ ಬಿಚ್ಚಿದಳು. ಮೆಥನಾಲ್‌ನಲ್ಲಿ ತೊಳೆದು, ಒಣಗಿಸಿ, ಕೂರಿಸಿದಳು.

ಮತ್ತೆ ಅದೇ ಕಥೆ...

ಗ್ಲೌಸ್ ಕಿತ್ತು ಕಸದ ಬುಟ್ಟಿಗೆ ಎಸೆದಳು. "ಸಾಕಾಯ್ತು ಇದರ ಸಹವಾಸ!"

ಮೇಲಧಿಕಾರಿ ವಾದಿರಾಜ್ ಬಂದರು. "ಎಂತ ಫ್ಲಾವಿಯಾ, ಇನ್ನೂ ಕ್ಲೀನಿಂಗಾ? ವಾರ್ಡಿನಿಂದ ಫೋನ್ ಮೇಲೆ ಫೋನ್. ಬಂದದ್ದನ್ನು ಕಳಿಸಿಬಿಡಿ."

"ಯಾವುದನ್ನು ಕಳಿಸಲಿ ಸರ್? ಮೊದಲು ಬಂದದ್ದಾ, ಆಮೇಲೆ ಬಂದದ್ದಾ?"

ಅವರು ವಾಚ್ ನೋಡಿಕೊಂಡು ಹೊರಟುಹೋದರು.

ಅಷ್ಟರಲ್ಲಿ ಕೌಂಟರಿನಲ್ಲಿ ಗಲಾಟೆ. ಫ್ಲಾವಿಯಾ ಹೊರಗೆ ಬಂದಳು. ಬಸ್ ಡ್ರೈವರ್ ಪುರಂದರ... ಮೊದಲ ಮಗುವಿನ ಅಪ್ಪ.

"ನಿನ್ನೆ ಬಂದಾಗ ನಾಳೆ ಬನ್ನಿ ಅಂದ್ರಿ! ಮಗು ಚಂದ ಹಾಲು ಕುಡಿತಾ ಉಂಟು. ಒಂದು ಕಾಗದ ಕೊಡ್ಲಿಕ್ಕೆ ಎಂತ ಕಷ್ಟ ನಿಮಗೆ? ನಿಮ್ಮ ಮಗು ಆದ್ರೆ ಹೀಗೆ ಮಾಡ್ತಿದ್ರಾ?"

"ಮೆಷಿನ್ ಸರಿ ಇಲ್ಲ. ನಾಳೆ ಖಂಡಿತ ಕೊಡ್ತೇನೆ."

"ಕಂಪ್ಲೇಂಟ್ ಕೊಡ್ತೇನೆ ನೋಡಿ!"

ತಿರುಗಿ ಬೈಯಬೇಕೆನಿಸಿತು ಫ್ಲಾವಿಯಾಗೆ. ಹಲ್ಲು ಕಚ್ಚಿ ಒಳಗೆ ಬಂದಳು.

ಈ ಸಲ ಮೆಷಿನನ್ನೇ ಪೂರ್ತಿ ನಿಲ್ಲಿಸಿ ಒಳಗಿನ ಭಾಗವನ್ನೂ ಬಿಚ್ಚಿದಳು. ಇಡೀ ದಿನದ ಕೆಲಸ ಹಾಳು...

ಟಾರ್ಚ್ ಬೆಳಕಿನಲ್ಲಿ ಕಂಡಿತು, ಒಂದು ಚಿಕ್ಕ ಕಂದು ಕಲೆ. ಮೆಷಿನಿಗೆ ಬೈಯುತ್ತಲೇ ಅದು ಹೋಗುವವರೆಗೆ ಉಜ್ಜಿದಳು.

ಮರುದಿನ ಒಂದೇ ರಕ್ತವನ್ನು ಎಷ್ಟು ಸಲ ಹಾಕಿದರೂ ಒಂದೇ ಉತ್ತರ.

ಆದರೆ ಒಂದು ಮಗುವಿನ ರಕ್ತದಲ್ಲಿ ಮಾತ್ರ ಒಂದು ಅಂಶ ವಿಪರೀತ ಹೆಚ್ಚಿತ್ತು... ಹೆಸರು ನೋಡಿದಳು.

ಪುರಂದರನ ಮಗಳು.

ಹಾಲಿನಲ್ಲಿರುವ ಆ ಅಂಶವನ್ನು ಅರಗಿಸಿಕೊಳ್ಳುವ ಶಕ್ತಿ ಮಗುವಿಗೆ ಇರಲಿಲ್ಲ. ಹಾಗೇ ಬಿಟ್ಟಿದ್ದರೆ ಮೆದುಳಿಗೇ ಪೆಟ್ಟು. ಡಾಕ್ಟರು ಕೂಡಲೇ ಆ ಅಂಶವಿಲ್ಲದ ವಿಶೇಷ ಹಾಲಿನ ಪುಡಿ ಶುರು ಮಾಡಿಸಿದರು.

ಕೆಲವು ದಿನಗಳ ನಂತರ ಪುರಂದರ ಮತ್ತೆ ಲ್ಯಾಬಿಗೆ ಬಂದ. ಈ ಸಲ ದನಿ ಏಳಲೇ ಇಲ್ಲ.

"ಸಮಯಕ್ಕೆ ಸರಿಯಾಗಿ ಗೊತ್ತಾಯ್ತು, ಮಗು ಹುಷಾರಾಗಿರ್ತದೆ ಅಂದ್ರು ಡಾಕ್ಟ್ರು... ಮೇಡಂ, ನಾನು ಕೂಗಾಡಿದ ದಿನವೇ ರಿಪೋರ್ಟ್ ಕೊಟ್ಟಿದ್ರೆ ಎಂತ ಬರ್ತಿತ್ತು?"

ಫ್ಲಾವಿಯಾ ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲ ಅಣ್ಣ... ನಾರ್ಮಲ್ ಅಂತಲೂ ಬರಬಹುದಿತ್ತು."

ಅವನು ಅಲ್ಲೇ ಬೆಂಚಿನ ಮೇಲೆ ಕುಸಿದು, ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಅವಳ ಕಣ್ಣೂ ತುಂಬಿತು. ಬೈಸಿಕೊಂಡ ನೋವೋ, ಮಗು ಉಳಿದ ಸಮಾಧಾನವೋ... ಅವಳಿಗೂ ತಿಳಿಯಲಿಲ್ಲ.

ಬೇಗ ಸಿಕ್ಕ ಉತ್ತರಕ್ಕಿಂತ, ನಂಬಬಹುದಾದ ಉತ್ತರ ದೊಡ್ಡದು.

ತಡ ಮಾಡಿದರೆಂದು ಇವತ್ತು ನೀವು ಯಾರ ಮೇಲಾದರೂ ರೇಗಿದಿರಾ... ಯಾಕೆ ತಡವಾಯಿತು ಎಂದು ಅವರನ್ನು ಒಮ್ಮೆಯಾದರೂ ಕೇಳಿದಿರಾ?