ಎಂಟರ್ ಒತ್ತದ ಕಾದಂಬರಿ

“ಮುಟ್ಟಬೇಡ! ಇನ್ನೊಂದು ಸಲ ಒತ್ತಿದ್ರೆ ಪೂರ್ತಿ ಮಲಗಿಬಿಡುತ್ತೆ,” ಎಂದು ಭಾವ ಕೀಲಿಮಣೆಯ ಮೇಲಿಂದ ಕಾದಂಬರಿಕಾರನ ಕೈ ತಳ್ಳಿದ. ಪರದೆಯ ಮೇಲೆ ಪುಟ್ಟ ಚಕ್ರವೊಂದು ತಿರುಗುತ್ತಲೇ ಇತ್ತು. ಭಾವನ ಮುದ್ರಣಾಲಯದಲ್ಲಿ ಆ ಹೊತ್ತು ಕೆಲಸ ಮಾಡುತ್ತಿದ್ದದ್ದು ಅದೊಂದೇ.

ಅಳಿಸಬೇಕಾದದ್ದು ಹೆಚ್ಚೇನಿಲ್ಲ. ನಾಯಕಿಯ ತಂದೆ ಊಟದ ನಡುವೆ ಹಲ್ಲಿನ ಸೆಟ್ಟು ಕಳಚಿ ಅತಿಥಿಯ ನೀರಿನ ಲೋಟದಲ್ಲಿ ಅದ್ದುವ ಪ್ರಸಂಗ. ಅದು ಯಾರ ಹಲ್ಲು ಎಂದು ಕಾದಂಬರಿಕಾರನ ಹೆಂಡತಿಗೆ ಓದಿದೊಡನೆ ಗೊತ್ತಾಗಿತ್ತು. ಪುಸ್ತಕದಿಂದ ಅದು ಹೋಗದಿದ್ದರೆ ಮನೆಯಿಂದ ತಾನು ಹೋಗುತ್ತೇನೆ ಎಂದಿದ್ದಳು. ಈಗ ಬಾಗಿಲ ಪಕ್ಕದ ಕಾಗದದ ಬಂಡಲಿನ ಮೇಲೆ, ತುಂಬಿದ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

“ಏನಾಗಿದೆ ಭಾವ, ನಿಮ್ಮ ಹೊಸ ಕಂಪ್ಯೂಟರಿಗೆ?”

“ಅದಕ್ಕೇನಾಗಿದೆ? ಪಾಪ, ನಿನ್ನ ಕಾದಂಬರಿ ಓದ್ತಾ ಇದೆ. ಸಾಲು ಅಂದ್ರೆ ಗಿಡ್ಡಕ್ಕಿರುತ್ತೆ ಅಂತ ನಂಬಿ ಮಾಡಿರೋ ತಂತ್ರಾಂಶ ಇದು, ಪುಣ್ಯಾತ್ಮ. ಒಂದಕ್ಷರ ಅಳಿಸಿದ್ರೆ ಆ ಸಾಲನ್ನ ಮೊದಲಿಂದ ಅಳೆದು ಮತ್ತೆ ಜೋಡಿಸುತ್ತೆ. ಎಂಟರ್ ಒತ್ತೋವರೆಗೂ ಅದಕ್ಕೆ ಎಲ್ಲಾ ಒಂದೇ ಸಾಲು. ಬೇರೆಯವರ ಸಾಲು ಗೇಣುದ್ದ. ನೀನು ಇಡೀ ಕಾದಂಬರೀಲಿ ಒಂದು ಸಲಾನಾದ್ರೂ ಎಂಟರ್ ಒತ್ತಿದ್ದೀಯಾ?”

“ಬದುಕಲ್ಲಿ ಪ್ಯಾರಾ ಇರಲ್ಲ ಭಾವ.”

“ಬದುಕನ್ನ ನಾನು ಅಚ್ಚು ಹಾಕಬೇಕಾಗಿಲ್ಲವಲ್ಲ!” ಭಾವ ದನಿ ತಗ್ಗಿಸಿದ. “ನೋಡು, ಹಲ್ಲಿನ ಹಿಂದೊಂದು ಎಂಟರ್, ಮುಂದೊಂದು ಎಂಟರ್. ಅಷ್ಟು ಭಾಗ ಬೇರೆ ಸಾಲಾಗುತ್ತೆ. ಹಗುರವಾಗಿ ಕಿತ್ತು ಹಾಕಿ, ಉಳಿದಿದ್ದನ್ನ ಮತ್ತೆ ಅಂಟಿಸಿಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ.”

“ನನಗೆ ಗೊತ್ತಿರುತ್ತಲ್ಲ,” ಎಂದ ಕಾದಂಬರಿಕಾರ, ಸಂದರ್ಶನಗಳಿಗೆಂದೇ ರೂಢಿಸಿಕೊಂಡಿದ್ದ ದನಿಯಲ್ಲಿ. ಅವನನ್ನು ಇನ್ನೂ ಯಾರೂ ಸಂದರ್ಶಿಸಿರಲಿಲ್ಲ.

ಹಿಂದೆ ಕಾಗದದ ಬಂಡಲು ಸರಕ್ಕೆಂದಿತು. ಹೆಂಡತಿ ಎದ್ದು ನಿಂತಿದ್ದಳು.

“ಇರೇ, ಇರು! ಹಲ್ಲು ಅದರ ಪಾಡಿಗೆ ಇರಲಿ ಬಿಡು. ಮೊದಲನೇ ಪುಟದಲ್ಲೇ ಪುಸ್ತಕಾನ ನಿನಗೆ ಅರ್ಪಣೆ ಮಾಡ್ತೀನಿ.”

“ಎಷ್ಟು ಬರೀತೀರಿ?”

“ಜಾಸ್ತಿ ಏನಿಲ್ಲ ಕಣೇ. ಒಂದೇ ಸಾಲು.”

ಅವಳು ಇನ್ನೂ ತಿರುಗುತ್ತಿದ್ದ ಚಕ್ರವನ್ನೊಮ್ಮೆ ನೋಡಿ, ಕೈಚೀಲವನ್ನು ಹೆಗಲಿಗೇರಿಸಿಕೊಂಡಳು.

“ಬೇಡ.”