ಜೋಳದ ಡಬ್ಬಿಯ ಅಂಕಪಟ್ಟಿ

"ಹುಡುಗಿ ಅಂಕಪಟ್ಟಿಯನ್ನು ಜೋಳದ ಡಬ್ಬಿಯೊಳಗೆ ಬಚ್ಚಿಡುತ್ತಾಳೆ." ಈ ಸಾಲು ಓದುತ್ತಲೇ ವಿಶಾಖಾ ಹಾಳೆಯಿಂದ ತಲೆ ಎತ್ತಿದಳು. ಬಸವಕಲ್ಯಾಣದ ಒಂದು ನಾಟಕ ಶಾಲೆಯಲ್ಲಿ ಅವಳು ಕಸ ಗುಡಿಸುವವಳು. ವಿದ್ಯಾರ್ಥಿಗಳ ಹೊಸ ನಾಟಕಗಳ ವಾಚನವಿತ್ತು. ರಂಗಸೂಚನೆಗಳನ್ನು ಓದಲು ಅಲ್ಲಿನ ವಿದ್ಯಾರ್ಥಿನಿ ಅನುರಾಧಾ ಅವಳನ್ನೇ ಕೂರಿಸಿದ್ದಳು. ನಾಟಕ ಅನುರಾಧಾಳದು, ಅಂಕಪಟ್ಟಿಯ ಗುಟ್ಟು ವಿಶಾಖಾಳದು. ಹುಮನಾಬಾದ್ ಬಸ್ಸಿನಲ್ಲಿ ವಿಶಾಖಾ ಅದನ್ನು ಅನುರಾಧಾಳೊಬ್ಬಳಿಗೆ ಮಾತ್ರ ಹೇಳಿದ್ದಳು.

"ನಿಲ್ಲಬ್ಯಾಡ ವಿಶಾಖಾ, ಬರದದ್ದೆಲ್ಲಾ ಓದಬೇಕು," ಅನುರಾಧಾ ಪಿಸುಗುಟ್ಟಿದಳು. "ಭಾಳ ಛಂದ ಬರಾಕತ್ತದ."

ನಾಯಕಿಯ ಪಾತ್ರ ಓದುತ್ತಿದ್ದ ಹುಡುಗಿ ಮುಂದಿನ ಮಾತು ಹೇಳಿಯೇಬಿಟ್ಟಳು: "ಹತ್ತನೇ ಪಾಸಾಗೀನಿ ಅಂದ್ರ ಅವ್ವ ಮುಂದ ಓದಸಾಕ ಎಮ್ಮಿ ಮಾರತಾಳ. ಫೇಲಾದೆ ಅಂತ ಹೇಳತೀನಿ." ಬಸ್ಸಿನಲ್ಲಿ ವಿಶಾಖಾ ಹೇಳಿದ್ದೆಲ್ಲ ನಾಯಕಿಯ ಬಾಯಲ್ಲಿ ಹಾಗೇ ಬಂದಿತ್ತು.

ಮಗಳು ಓದುವುದನ್ನು ಕೇಳಲು ಬಂದಿದ್ದ ವಿಶಾಖಾಳ ಅವ್ವ ಅಂಬುಬಾಯಿ ಕೊನೆಯ ಸಾಲಿನಿಂದ ಎದ್ದು ನಿಂತಳು. ನಾಲ್ಕು ವರ್ಷ ಓಣಿಯವರಿಗೆಲ್ಲ "ನನ್ನ ಮಗಳ ತಲಿಗೆ ಹತ್ತಲಿಲ್ಲ" ಎಂದು ಹೇಳಿಕೊಂಡು ಬಂದವಳು ಅವಳು. ವಿಶಾಖಾ ಅನುರಾಧಾಳತ್ತ ಕೈ ತೋರಿಸಿ ಏನೋ ಹೇಳಹೊರಟಳು. ಅವ್ವ ಆ ಕಡೆ ನೋಡಲೇ ಇಲ್ಲ.

"ಎಮ್ಮಿ ನಂದಿತ್ತು," ಎಂದಳು. "ಮಾರೋದು ಬಿಡೋದು ಹೇಳಾಕ ನೀ ಯಾರು?"